ಪ್ರಜ್ಞೆ ಬದಲಿಸುವ ದ್ರವ್ಯಗಳು (ಹುಬ್ಬಳ್ಳಿ–ಧಾರವಾಡ)

ಗ್ರಹಿಕೆ, ಭಾವ ಮತ್ತು ಕಾಲದ ಅರಿವನ್ನು ಕೆಲಹೊತ್ತು ಬದಲಿಸುವ ಸಸ್ಯಗಳನ್ನೂ ರಾಸಾಯನಿಕಗಳನ್ನೂ ಈ ಹೆಸರಿನಡಿ ಸೇರಿಸಲಾಗುತ್ತದೆ. ಹುಬ್ಬಳ್ಳಿ–ಧಾರವಾಡದ ಮಟ್ಟಿಗೆ ಇವುಗಳ ಚರಿತ್ರೆ ಮುಖ್ಯವಾಗಿ ಗಾಂಜಾದ ಚರಿತ್ರೆ. ಅದು ಧಾರವಾಡದ ಮಾನಸಿಕ ಆಸ್ಪತ್ರೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ.

ದ್ರವ್ಯಗಳು

ಒಂದೇ ಗಿಡದ ಎಲೆ ಭಂಗಿ, ಹೂಗೊಂಚಲು ಗಾಂಜಾ, ಅಂಟು ಚರಸ್. ಇವುಗಳ ಮುಖ್ಯ ಸತ್ವವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನಲ್ಲಿ ರಾಫೆಲ್ ಮೆಷೂಲಮ್ ಮತ್ತು ಯೆಹಿಯೆಲ್ ಗವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಶಿವಪೂಜೆಗೆ ಸಲ್ಲುವ ಮದಗುಣಿಕೆ ಬೇರೆ ಜಾತಿಯದು. ಅದರ ಅಟ್ರೋಪಿನ್ ಮತ್ತು ಸ್ಕೋಪೊಲಮಿನ್ ಬುದ್ಧಿಭ್ರಮಣೆ ತರುತ್ತವೆ, ಪ್ರಮಾಣ ಮೀರಿದರೆ ಪ್ರಾಣಾಂತಕ. ಕಟ್ಟುನಿಟ್ಟಾದ ಅರ್ಥದಲ್ಲಿ ಸೈಕೆಡೆಲಿಕ್ ಎನಿಸುವ ಎಲ್‌ಎಸ್‌ಡಿ ಮತ್ತು ಸೈಲೊಸೈಬಿನ್ ಮಿದುಳಿನ ಸಿರೊಟೊನಿನ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತವೆ. ಈ ಭಾಗದ ಹಳೆಯ ಬಳಕೆಯಲ್ಲಿ ಅವುಗಳಿಗೆ ಸ್ಥಾನವಿದ್ದಂತಿಲ್ಲ.

ಆಚರಣೆ

ಸಾಧುಗಳ ಚಿಲುಮೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಪರಿಚಿತ ನೋಟ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವುದನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಆದರೆ ಇದನ್ನು ಇಡೀ ಪ್ರದೇಶದ ಸಾಧನಾಮಾರ್ಗವೆಂದು ಬಗೆಯುವುದು ತಪ್ಪಾದೀತು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿಗಳ (1836–1929) ಅದ್ವೈತ ಪರಂಪರೆ ಶ್ರವಣ, ವಿಚಾರ ಮತ್ತು ನಾಮಜಪವನ್ನೇ ನೆಚ್ಚಿದ್ದು.

ಧಾರವಾಡದ ಆಸ್ಪತ್ರೆ ಮತ್ತು 1893–94ರ ಆಯೋಗ

ಊರವರು ಬಹುಕಾಲ ‘ಹುಚ್ಚರ ದವಾಖಾನಿ’ ಎಂದು ಕರೆದ ಧಾರವಾಡದ ಆಸ್ಪತ್ರೆ 1845ರಲ್ಲಿ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮುಂದೆ ಕರ್ನಾಟಕ ಮಾನಸಿಕ ಆರೋಗ್ಯ ಸಂಸ್ಥೆ ಎನಿಸಿಕೊಂಡು, ಈಗ ಡಿಮ್ಹಾನ್ಸ್ ಎಂಬ ಹೆಸರಿನಲ್ಲಿದೆ. ಬ್ರಿಟಿಷರ ಕಾಲದಲ್ಲಿ ಕೊಲಾಬಾ, ಪುಣೆ, ರತ್ನಾಗಿರಿ, ಅಹಮದಾಬಾದ್, ಸಿಂಧ್‌ನ ಹೈದರಾಬಾದ್‌ಗಳ ಜೊತೆಗೆ ಮುಂಬಯಿ ಪ್ರಾಂತದ ಆಸ್ಪತ್ರೆಗಳ ಸಾಲಿನಲ್ಲಿ ಇದೂ ಇತ್ತು.

ಗಾಂಜಾ ಸೇದುವವರು ಹುಚ್ಚರಾಗುತ್ತಾರೆಂಬ ಮಾತಿಗೆ ಆಗ ಇಂಥ ಆಸ್ಪತ್ರೆಗಳ ವಾರ್ಷಿಕ ಕೋಷ್ಟಕಗಳೇ ಆಧಾರ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಾಗ, 1893ರಲ್ಲಿ ಡಬ್ಲ್ಯೂ. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಸಾವಿರಕ್ಕೂ ಹೆಚ್ಚು ಮಂದಿಯ ಸಾಕ್ಷ್ಯ ಪಡೆದು ಆಯೋಗ 1894ರಲ್ಲಿ ವರದಿ ಸಲ್ಲಿಸಿತು.

ಕೋಷ್ಟಕಗಳನ್ನು ಯಥಾವತ್ತಾಗಿ ಒಪ್ಪದೆ, 1892ರ ಪ್ರಕರಣಗಳನ್ನು ಒಂದೊಂದಾಗಿ ಮರುಪರಿಶೀಲಿಸಿದ್ದು ಈ ವರದಿಯ ಹಿರಿಮೆ. ಆ ವರ್ಷ ದೇಶದ ಇಂಥ ಆಸ್ಪತ್ರೆಗಳಲ್ಲಿ ದಾಖಲಾದ 1,344 ರೋಗಿಗಳಲ್ಲಿ 222 ಮಂದಿಯ ಕಾಯಿಲೆಗೆ ಗಾಂಜಾ ಕಾರಣವೆಂದು ಬರೆಯಲಾಗಿತ್ತು. ಊರಲ್ಲಿ, ಬಂಧುಗಳಲ್ಲಿ ವಿಚಾರಿಸಿದ ಮೇಲೆ ಆ ಕಾರಣ ನಿಂತದ್ದು 98ರಲ್ಲಿ ಮಾತ್ರ. ಅವುಗಳಲ್ಲೂ ಗಾಂಜಾ ಒಂದೇ ಕಾರಣವೆನ್ನಬಹುದಾದವು 61.

ಈ ಅಂತರ ಹುಟ್ಟಿದ್ದು ದಾಖಲಾತಿಯ ಕ್ರಮದಲ್ಲೇ. 1858ರ ಕಾಯ್ದೆಯಂತೆ, ಅಲೆಯುತ್ತಿದ್ದ ವ್ಯಕ್ತಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆಸ್ಪತ್ರೆಗೆ ಒಪ್ಪಿಸುತ್ತಿದ್ದರು. ಜೊತೆಗೆ ಬರುತ್ತಿದ್ದ ವಿವರಪಟ್ಟಿಯಲ್ಲಿ ಕಾಯಿಲೆಯ ಕಾರಣಕ್ಕೊಂದು ಅಂಕಣ. ಮನೆಮಠ ಗೊತ್ತಿಲ್ಲದ ಬೈರಾಗಿಯ ಪೂರ್ವವೃತ್ತ ಹೇಳುವವರಾರು? ಅಲ್ಲಿ ‘ಗಾಂಜಾ’ ಎಂದು ಬರೆಯುವುದು ಸುಲಭ. ವೈದ್ಯಾಧಿಕಾರಿ ಅದನ್ನೇ ರಿಜಿಸ್ಟರಿಗೆ ಇಳಿಸಿಕೊಂಡರೆ, ವರ್ಷದ ಕೊನೆಗೆ ಅದು ಅಂಕಿಅಂಶವಾಗುತ್ತಿತ್ತು. ಕಾಯಿಲೆ ಮೊದಲೋ ಸೇವನೆ ಮೊದಲೋ ಎಂಬ ಪ್ರಶ್ನೆ ಎಷ್ಟೋ ಪ್ರಕರಣಗಳಲ್ಲಿ ಎದ್ದೇ ಇರಲಿಲ್ಲ.

ಮಿತವಾದ ಸೇವನೆಯಿಂದ ಮನಸ್ಸಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು ಎಂಬುದು ಆಯೋಗದ ತೀರ್ಮಾನ. ಸಂಪೂರ್ಣ ನಿಷೇಧದ ಬದಲು ಸುಂಕ ಮತ್ತು ಪರವಾನಗಿಯ ಹತೋಟಿಯನ್ನು ಅದು ಶಿಫಾರಸು ಮಾಡಿತು. ಅಬಕಾರಿ ಆದಾಯದ ಮೇಲೆ ಕಣ್ಣಿದ್ದ ಸರ್ಕಾರಕ್ಕೆ ಈ ಸಲಹೆ ಅನುಕೂಲವೇ ಆಗಿತ್ತೆಂಬುದನ್ನು ಓದುಗರು ನೆನಪಿಡಬೇಕು. ಮಿತಸೇವನೆ ನಿರಪಾಯವೆಂಬ ಮಾತಿಗೂ ಇಂದು ತಿದ್ದುಪಡಿ ಬೇಕು: ಎಳೆಯ ವಯಸ್ಸಿನಲ್ಲಿ ಶುರುವಾದ, ಪ್ರಬಲ ಗಾಂಜಾದ ನಿತ್ಯಸೇವನೆಗೂ ಮನೋವಿಕೃತಿಗೂ ನಂಟಿರುವುದನ್ನು ಈಚಿನ ಅಧ್ಯಯನಗಳು ತೋರಿಸಿವೆ.

ಕಾನೂನು

1985ರ ಎನ್‌ಡಿಪಿಎಸ್ (ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ಪದಾರ್ಥಗಳ) ಕಾಯ್ದೆ ಗಾಂಜಾ ಮತ್ತು ಚರಸ್ಸನ್ನು ನಿಷೇಧಿಸುತ್ತದೆ. ಹೂಗೊಂಚಲು ಬೆರೆಯದ ಎಲೆ ಮತ್ತು ಬೀಜ ಅದರ ವ್ಯಾಖ್ಯೆಯಿಂದ ಹೊರಗಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿಗೆ ಸಂಬಂಧಿಸಿದ ಜಾಮೀನು ಆದೇಶವೊಂದರಲ್ಲಿ ಈ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಎಲ್‌ಎಸ್‌ಡಿ ಮತ್ತು ಸೈಲೊಸೈಬಿನ್ ಈ ಕಾಯ್ದೆಯ ಪಟ್ಟಿಯಲ್ಲಿವೆ. ಅರಿವಳಿಕೆಗೆ ಬಳಕೆಯಾಗುವ ಕೆಟಮಿನ್ 2011ರಲ್ಲಿ ಸೇರಿತು.

ಚಿಕಿತ್ಸೆ ಮತ್ತು ತಂತ್ರಜ್ಞಾನ

ಖಿನ್ನತೆಗೆ ಕೆಟಮಿನ್ ಸಂಬಂಧಿ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಆಸ್ಟ್ರೇಲಿಯಾ 2023ರ ಜುಲೈನಿಂದ ಅಧಿಕೃತ ಮನೋವೈದ್ಯರಿಗೆ ಸೈಲೊಸೈಬಿನ್ ಮತ್ತು ಎಂಡಿಎಂಎ ಬರೆದುಕೊಡಲು ಬಿಟ್ಟಿತು. ಕರ್ನಾಟಕದಲ್ಲಿ ಹೆಚ್ಚು ಕೆಲಸ ನಡೆದಿರುವುದು ದ್ರವ್ಯಕ್ಕಿಂತ ಉಪಕರಣಗಳ ಕಡೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಕಿವಿಗೆ ಕೇಳಿಸುವ ಇಲ್ಲದ ದನಿಗಳನ್ನು ತಗ್ಗಿಸಲು, ನೆತ್ತಿಯ ಮೇಲಿಂದ ಸುಮಾರು 2 ಮಿಲಿ ಆಂಪಿಯರ್ ವಿದ್ಯುತ್ ಹರಿಸುವ ವಿಧಾನದ ಅಧ್ಯಯನಗಳು ನಡೆದಿವೆ. ಓಂಕಾರ ಪಠಣದ ವೇಳೆ ಮಿದುಳಿನ ಚಟುವಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿ ಅಳೆದ ಅಲ್ಲಿನ ಸಣ್ಣ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು.

ಮುನ್ನೋಟ

ಸೈಕೆಡೆಲಿಕ್ ಚಿಕಿತ್ಸೆಯ ಪರೀಕ್ಷೆಗಳಲ್ಲಿ ಮುಖ್ಯ ತೊಡಕು ಮತ್ತೆ ಕಾರಣವನ್ನು ಗುರುತಿಸುವುದೇ. ನಿಜವಾದ ಔಷಧ ಸಿಕ್ಕಿತೆಂಬುದು ಅದರ ಅನುಭವದಿಂದಲೇ ರೋಗಿಗೆ ತಿಳಿದುಬಿಡುತ್ತದೆ. ಗುಣವಾದದ್ದು ಔಷಧದಿಂದಲೋ, ನಿರೀಕ್ಷೆಯಿಂದಲೋ, ಜೊತೆಗಿದ್ದ ಆಪ್ತಸಮಾಲೋಚಕರಿಂದಲೋ ಎಂದು ಬಿಡಿಸುವುದು ಕಷ್ಟ. ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಎಂಡಿಎಂಎ ಚಿಕಿತ್ಸೆಯ ಅರ್ಜಿಯನ್ನು ನಿರಾಕರಿಸುವ ಮುಂಚೆ ನಡೆದ ತಜ್ಞರ ಚರ್ಚೆಯಲ್ಲಿ ಈ ಆಕ್ಷೇಪ ಪ್ರಮುಖವಾಗಿತ್ತು. ಅಂದು ಆಸ್ಪತ್ರೆಯ ಕೋಷ್ಟಕಗಳಲ್ಲಿ ಪೂರ್ವವೃತ್ತ ವಿಚಾರಿಸದೆ ದ್ರವ್ಯದ ತಲೆಗೆ ರೋಗವನ್ನು ಕಟ್ಟಿದ್ದರು. ಇಂದು ಅಷ್ಟೇ ಅವಸರದಲ್ಲಿ ಗುಣವನ್ನು ಕಟ್ಟುವ ಸಾಧ್ಯತೆಯಿದೆ. ಇಂಥ ಚಿಕಿತ್ಸೆ ಮುಂದೆ ಈ ಭಾಗಕ್ಕೆ ಬಂದರೆ, ರೋಗಿಯ ಮತ್ತು ಮನೆಯವರ ಮಾತನ್ನು ಅವರ ಆಡುನುಡಿಯಲ್ಲೇ ಕೇಳಿ ಬರೆದಿಡುವ ದಾಖಲೆ ಯಂತ್ರದ ಅಳತೆಯಷ್ಟೇ ಅಗತ್ಯವಾಗುತ್ತದೆ.