ವಕ್ರಗ್ರಹಗಳೂ ವಿಜಯನಗರವೂ

2011ರ ಚೈತ್ರಮಾಸದಲ್ಲಿ ರಥೋತ್ಸವವನ್ನು ನೋಡಲೆಂದು ಹಂಪೆಗೆ ಹೋಗಿದ್ದೆ. ವಿರೂಪಾಕ್ಷನ ಗೋಪುರದ ಎದುರಿಗೆ ನೀಳವಾಗಿ ಚಾಚಿರುವ ಬಜಾರಿನ ಬೀದಿಯಲ್ಲಿ, ಸಾಲುಮಂಟಪದ ನೆರಳಿನಲ್ಲಿ, ಹೂವು ಕಾಯಿ ಮಾರುತ್ತ ಕುಳಿತಿದ್ದ ವೃದ್ಧೆಯೊಬ್ಬರ ಪಕ್ಕದಲ್ಲಿ ಬಿಸಿಲಿಗೆ ಹೆದರಿ ನಾನೂ ಸ್ವಲ್ಪ ಹೊತ್ತು ಕುಳಿತೆ. ಮಾತಿಗೆ ಮಾತು ಬೆಳೆದು ಮನೆಯ ಸಂಗತಿಗೆ ಬಂದಿತು. ಹೊಸಪೇಟೆಯಲ್ಲಿದ್ದ ಮಗ ಸಂಕ್ರಾಂತಿ ಕಳೆದಾಗಿನಿಂದ ತಾಯಿಯೊಡನೆ ಮಾತು ಬಿಟ್ಟಿದ್ದನಂತೆ, ಮನೆಗೂ ಬರುತ್ತಿರಲಿಲ್ಲವಂತೆ. "ಹುಡುಗ ಕೆಟ್ಟೋನಲ್ರೀ. ಶನಿ ವಕ್ರ ಆಗ್ಯಾನಂತ. ಅವ ನೆಟ್ಟಗಾದ ಅಂದ್ರ ಇವನೂ ನೆಟ್ಟಗಾಗ್ತಾನ" ಎಂದು ಆಕೆ ಹೇಳಿದರು. ಆ ಧ್ವನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಗಿ ಕೇಳಿಸಿತು. ಊರಿಗೆ ಮರಳಿದ ಮೇಲೆ ಕುತೂಹಲದಿಂದ ಪಂಚಾಂಗವನ್ನು ತೆರೆದು ನೋಡಿದೆ. ಆಕೆ ಹೇಳಿದ್ದು ನಿಜ. ಆ ವರ್ಷ ಜನವರಿಯ ಕೊನೆಯ ವಾರದಿಂದ ಶನಿ ವಕ್ರಗತಿಯಲ್ಲಿದ್ದ.

ನಮ್ಮ ಭಾಷೆಯಲ್ಲಿ 'ಗ್ರಹಚಾರ' ಎಂಬುದೊಂದು ಮಾತುಂಟು. ಚಾರವೆಂದರೆ ಸಂಚಾರ; ಗ್ರಹಚಾರವೆಂದರೆ ಗ್ರಹಗಳ ನಡಿಗೆ, ಅಷ್ಟೆ. ಅದರಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆದರೆ ಕನ್ನಡಿಗನ ಬಾಯಲ್ಲಿ ಅದು ಕೇಡು ಎಂಬ ಒಂದೇ ಅರ್ಥಕ್ಕೆ ಇಳಿದುಬಿಟ್ಟಿದೆ. ಸಿಟ್ಟು ಬಂದಾಗ ಎದುರಿನವನ ಗ್ರಹಚಾರ ಬಿಡಿಸುತ್ತೇವೆ. ವಕ್ರ ಎಂಬ ಪದದ ಪಾಡೂ ಇದೇ. ಆಕಾಶದಲ್ಲಿ ಅದು ಒಂದು ಬಗೆಯ ಚಲನೆ. ನೆಲದ ಮೇಲೆ ಅದು ವಕ್ರಬುದ್ಧಿ, ವಕ್ರದೃಷ್ಟಿ, ವಕ್ರಮಾತು. ಗ್ರಹದ ನಡಿಗೆಗೂ ಮನುಷ್ಯನ ಮನಸ್ಸಿಗೂ ಹೀಗೆ ಗಂಟು ಬಿದ್ದುದು ಇಂದು ನಿನ್ನೆಯದಲ್ಲ. ನರಗುಂದದ ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ರಚಿಸಿದ್ದು 1049ರಲ್ಲಿ. ಕನ್ನಡದಲ್ಲಿ ಜ್ಯೋತಿಷ್ಯವನ್ನು ಕುರಿತು ಹುಟ್ಟಿದ ಮೊದಲ ಗ್ರಂಥ ಅದು. ಒಂದು ಸಾವಿರ ವರ್ಷಗಳ ಹಿಂದೆಯೇ ಈ ಶಾಸ್ತ್ರವನ್ನು ತನ್ನ ಭಾಷೆಯಲ್ಲಿ ಓದಬಯಸುವ ಜನ ಇಲ್ಲಿದ್ದರೆಂದಾಯಿತು.

ವಕ್ರಗತಿ ಎಂದರೇನು? ಗ್ರಹಗಳು ಸಾಮಾನ್ಯವಾಗಿ ನಕ್ಷತ್ರಗಳ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತವೆ. ಕೆಲವೊಮ್ಮೆ ನಿಂತಂತೆ ಕಂಡು, ಹಿಂದಕ್ಕೆ ನಡೆದು, ಮತ್ತೆ ನಿಂತು, ಪುನಃ ಮುಂದಕ್ಕೆ ಹೊರಡುತ್ತವೆ. ಸೂರ್ಯಸಿದ್ಧಾಂತವು ಈ ನಡಿಗೆಗಳನ್ನು ವಕ್ರ, ಮಂದ, ಸಮ, ಶೀಘ್ರ ಮುಂತಾಗಿ ಎಂಟು ಬಗೆಯಾಗಿ ವಿಂಗಡಿಸುತ್ತದೆ. ಕಣ್ಣಿಗೆ ಕಾಣದ ಶಕ್ತಿಗಳು ಗಾಳಿಯ ಹಗ್ಗಗಳಿಂದ ಗ್ರಹಗಳನ್ನು ಅತ್ತಿತ್ತ ಎಳೆಯುತ್ತವೆ ಎಂಬುದು ಆ ಗ್ರಂಥ ಕೊಡುವ ಕಾರಣ. ಕಾರಣ ಏನೇ ಇರಲಿ, ಲೆಕ್ಕ ಮಾತ್ರ ಸೊಗಸಾದದ್ದು. ಬುಧ 116 ದಿನಗಳಿಗೊಮ್ಮೆ ಸುಮಾರು ಮೂರು ವಾರ ವಕ್ರಿಸುತ್ತಾನೆ. ಶುಕ್ರ 584 ದಿನಗಳಿಗೊಮ್ಮೆ ಆರು ವಾರ. ಕುಜ 780 ದಿನಗಳಿಗೊಮ್ಮೆ ಸುಮಾರು ಎಪ್ಪತ್ತು ದಿನ. ಗುರು 399 ದಿನಗಳಿಗೊಮ್ಮೆ ನಾಲ್ಕು ತಿಂಗಳು. ಶನಿ 378 ದಿನಗಳಿಗೊಮ್ಮೆ ನಾಲ್ಕೂವರೆ ತಿಂಗಳು.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ, ಮುಂದೆ ಕಬ್ಬು ಹೇರಿಕೊಂಡು ಅದೇ ದಿಕ್ಕಿಗೆ ಸಾಗುತ್ತಿರುವ ಎತ್ತಿನ ಗಾಡಿಯೊಂದನ್ನು ಹಿಂದಿಕ್ಕುವ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಿ. ದೂರದ ಬೆಟ್ಟದ ಹಿನ್ನೆಲೆಯಲ್ಲಿ ಆ ಗಾಡಿ ಹಿಂದಕ್ಕೆ ಸರಿದಂತೆ ತೋರುತ್ತದೆ. ಎತ್ತುಗಳು ಮಾತ್ರ ಮುಂದಕ್ಕೇ ನಡೆಯುತ್ತಿರುತ್ತವೆ. ಕುಜ, ಗುರು, ಶನಿಗಳನ್ನು ನಮ್ಮ ಭೂಮಿ ಹೀಗೆ ಹಿಂದಿಕ್ಕುತ್ತದೆ; ಬುಧ ಶುಕ್ರರು ನಮ್ಮನ್ನೇ ಹಿಂದಿಕ್ಕುತ್ತಾರೆ. ವಕ್ರವೆಂಬುದು ನೋಡುವವನ ಸ್ಥಾನದಿಂದ ಹುಟ್ಟಿದ ತೋರಿಕೆ. ವಿರೂಪಾಕ್ಷ ದೇವಾಲಯದ ಒಳಗಿನ ಕತ್ತಲೆಯ ಕೋಣೆಯೊಂದರಲ್ಲಿ, ಸಣ್ಣ ಕಿಂಡಿಯಿಂದ ತೂರಿಬಂದ ಬೆಳಕು ಹೊರಗಿನ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೋಪುರವೇನೋ ನೆಟ್ಟಗೇ ನಿಂತಿದೆ.

ಇನ್ನೊಂದು ಸಂಗತಿ. ಜ್ಯೋತಿಷ್ಯವನ್ನು ನಂಬುವವರೂ ಗಮನಿಸಬೇಕಾದದ್ದು ಅದು. ಶಾಸ್ತ್ರದ ಪ್ರಕಾರ ಮನಸ್ಸಿಗೆ ಕಾರಕನಾದವನು ಚಂದ್ರ. ಸೂರ್ಯ ಚಂದ್ರರಿಗೆ ವಕ್ರಗತಿಯೇ ಇಲ್ಲ! ಅಲ್ಲದೆ ವಕ್ರಿಸಿದ ಗ್ರಹಕ್ಕೆ ಶಾಸ್ತ್ರವು ಹೆಚ್ಚಿನ ಚೇಷ್ಟಾಬಲವನ್ನು ಹೇಳುತ್ತದೆಯೇ ಹೊರತು, ಅದು ಜನರ ಮುಖವನ್ನು ಗಂಟಿಕ್ಕಿಸುತ್ತದೆ ಎನ್ನುವುದಿಲ್ಲ. ಬುಧ ವಕ್ರಿಸಿದನೆಂದು ಮೂರು ವಾರ ಮಾತುಕತೆ ಕೆಡುತ್ತದೆ, ಮನಸ್ಸು ಕದಡುತ್ತದೆ ಎಂದು ಈಚೆಗೆ ಮೊಬೈಲು ಫೋನುಗಳಲ್ಲಿ ಹರಿದಾಡುವ ಭಯ ಪಶ್ಚಿಮದಿಂದ ಬಂದ ಹೊಸ ಸರಕು. ನಮ್ಮ ಹಳೆಯ ಭಯಗಳೇ ನಮಗೆ ಸಾಕಷ್ಟಿದ್ದುವು.

ಆ ಹಳೆಯ ಭಯಗಳಲ್ಲಿ ಒಂದು ಹಂಪೆಯ ಹುಟ್ಟಿನೊಡನೆಯೇ ಅಂಟಿಕೊಂಡಿದೆ. ನಗರದ ಅಡಿಗಲ್ಲಿಗೆ ವಿದ್ಯಾರಣ್ಯರು ಮುಹೂರ್ತವನ್ನು ಗೊತ್ತುಮಾಡಿ, ತಾವು ಶಂಖವನ್ನೂದಿದ ಕ್ಷಣಕ್ಕೆ ಕಲ್ಲನ್ನು ಇಡಬೇಕೆಂದು ಹೇಳಿದ್ದರಂತೆ. ಅಷ್ಟರಲ್ಲಿ ಭಿಕ್ಷೆಗೆ ಹೊರಟ ಯಾರೋ ಒಬ್ಬನು ಶಂಖವನ್ನೂದಿದನು, ಕೆಲಸಗಾರರು ಅದನ್ನೇ ಸಂಕೇತವೆಂದು ತಿಳಿದು ಕಲ್ಲಿಟ್ಟರು, ಮುಹೂರ್ತ ತಪ್ಪಿತು, ಆದ್ದರಿಂದ ನಗರಕ್ಕೆ ಆಯುಷ್ಯ ಕಡಿಮೆಯಾಯಿತು. ಕಥೆ ಚೆನ್ನಾಗಿದೆ. ಆದರೆ ಇದು 1336ರಲ್ಲಿ ಹುಟ್ಟಿದ ಕಥೆಯಾಗಿರಲಾರದು. ಆಯುಷ್ಯ ಮುಗಿದ ಮೇಲೆ ತಾನೆ ಅದು ಕಡಿಮೆಯಾಯಿತೆಂದು ತಿಳಿಯುವುದು? 1565ರ ಸೋಲಿನ ಅನಂತರ ಪಾಳುಬಿದ್ದ ಬೀದಿಗಳಲ್ಲಿ ನಿಂತವನು, ಇಷ್ಟು ದೊಡ್ಡ ಊರು ಹೀಗೇಕಾಯಿತೆಂದು ಕೇಳಿಕೊಂಡಾಗ ಈ ಉತ್ತರ ಹೊಳೆದಿರಬೇಕು. ನಗರಸ್ಥಾಪನೆಯ ತಿಥಿ ಮಿತಿಗಳನ್ನು ಹೇಳುವ ತಾಮ್ರಶಾಸನಗಳಲ್ಲಿ ಕೆಲವನ್ನು ಇತಿಹಾಸಕಾರರು ಕೃತಕವೆಂದು ತಳ್ಳಿಹಾಕಿರುವುದನ್ನೂ ಇಲ್ಲಿ ನೆನೆಯಬಹುದು.

ಆ ಕಾಲದ ಕಣ್ಣಾರೆ ಕಂಡವರ ಬರಹಗಳಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಹತ್ತಿರದಿಂದ ನೋಡಿದನು. ರಾಜನು ಮಧ್ಯಮ ಎತ್ತರದವನು, ಮುಖದಲ್ಲಿ ಸಿಡುಬಿನ ಕಲೆಯುಳ್ಳವನು, ನಗುಮುಖದವನು, ನ್ಯಾಯಪರನು ಎಂದು ಮನಸಾರೆ ಹೊಗಳುತ್ತಾನೆ. ಜೊತೆಗೆ, ಇದ್ದಕ್ಕಿದ್ದಂತೆ ಕೆರಳಿ ಬೀಳುವ ಸ್ವಭಾವವೂ ಇತ್ತೆಂದು ಒಂದು ಮಾತು ಸೇರಿಸುತ್ತಾನೆ. ಅದಕ್ಕೆ ಯಾವ ಗ್ರಹವನ್ನೂ ಅವನು ಹೊಣೆ ಮಾಡುವುದಿಲ್ಲ. ಸಿಟ್ಟು ರಾಜನದೇ.

ಹಾಗೆಂದು ವಾರ ನಕ್ಷತ್ರಗಳ ನಂಬಿಕೆ ಆಸ್ಥಾನದಲ್ಲಿ ಇರಲಿಲ್ಲವೆಂದಲ್ಲ. ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಸುಮಾರು 1535ರಲ್ಲಿ ಬರೆದ ವೃತ್ತಾಂತದಲ್ಲಿ ರಾಯಚೂರಿನ ಯುದ್ಧದ ವರ್ಣನೆ ಬರುತ್ತದೆ. ಶುಕ್ರವಾರ ಶುಭವಲ್ಲ, ಶನಿವಾರ ಒಳ್ಳೆಯದು ಎಂದು ನಾಯಕರು ರಾಜನನ್ನು ತಡೆದರಂತೆ. ಶನಿಯ ಹೆಸರಿನ ವಾರವೇ ಗೆಲುವಿಗೆ ಒದಗಿದ್ದನ್ನು ಕಂಡು ಇಂದಿನ ಶನಿಭೀತರು ಏನೆನ್ನುವರೋ! ಆ ಶುಕ್ರವಾರವಾದರೂ ನಗರದಲ್ಲಿ ಸಂತೆ ಕೂಡುತ್ತಿದ್ದ ದಿನವೆಂದು ಪಾಯೆಸ್ ಬರೆಯುತ್ತಾನೆ. ಕತ್ತಿಗೆ ಆಗದ ವಾರ ತಕ್ಕಡಿಗೆ ಆಗುತ್ತಿತ್ತು. ನೂನಿಜ್ ಯುದ್ಧದ ವರ್ಷವನ್ನು 1522 ಎಂದು ತಪ್ಪಾಗಿ ಬರೆದನು. ಹೊಸಚಂದ್ರನ ಶನಿವಾರ, ಮೇ ತಿಂಗಳು ಎಂಬುದನ್ನು ಮಾತ್ರ ಸರಿಯಾಗಿ ನೆನಪಿಟ್ಟಿದ್ದನು. ಅದನ್ನು ಹಿಡಿದು ರಾಬರ್ಟ್ ಸೂಯೆಲ್ ಲೆಕ್ಕ ಹಾಕಿ, ಯುದ್ಧ ನಡೆದದ್ದು 1520ರ ಮೇ 19 ಎಂದು 1900ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ನಮ್ಮ ಪಂಚಾಂಗಗಳ ಗಣಿತವನ್ನು ಅವನು ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆಗೂಡಿ 1896ರಲ್ಲೇ ಪುಸ್ತಕವಾಗಿ ತಂದಿದ್ದನು. ಪಂಚಾಂಗದ ಫಲಭಾಗ ಇತಿಹಾಸಕ್ಕೆ ಏನನ್ನೂ ಕೊಟ್ಟಿಲ್ಲ. ಗಣಿತಭಾಗದ ಋಣ ಮಾತ್ರ ತೀರಿಸಲಾಗದಷ್ಟಿದೆ.

ಇನ್ನು ಕುಹಯೋಗದ ಕಥೆ. ಚಂದ್ರಕಲೆ ಲೇಶವೂ ಕಾಣದ ಅಮಾವಾಸ್ಯೆಗೆ ಕುಹೂ ಎಂದು ಹೆಸರು. ಅಂಥ ದಿನ ಗ್ರಹಗಳು ಒಂದೆಡೆ ಗುಂಪುಗೂಡಿ, ಸಿಂಹಾಸನದ ಮೇಲಿರುವವನ ಪ್ರಾಣಕ್ಕೆ ಅಪಾಯವೊದಗಿತೆಂದು ಜೋಯಿಸರು ಹೇಳಿದಾಗ, ಕೃಷ್ಣದೇವರಾಯನು ಗುರುಗಳಾದ ವ್ಯಾಸತೀರ್ಥರನ್ನು ಆ ಗಳಿಗೆಯಲ್ಲಿ ಸಿಂಹಾಸನದ ಮೇಲೆ ಕುಳ್ಳಿರಿಸಿದನಂತೆ. ಸರ್ಪರೂಪದಲ್ಲಿ ಬಂದ ಕೇಡಿನ ಮೇಲೆ ಅವರು ತಮ್ಮ ಕಾವಿಯ ವಸ್ತ್ರವನ್ನೆಸೆಯಲು, ಅದು ಸುಟ್ಟು ಬೂದಿಯಾಯಿತಂತೆ. ವ್ಯಾಸತೀರ್ಥರು ವ್ಯಾಸರಾಯರಾದದ್ದು ಹೀಗೆ ಎಂದು ಸಂಪ್ರದಾಯ. ಕಥೆ ತಿಥಿಯನ್ನು ಹೇಳುವುದಿಲ್ಲ. ಆದರೆ 1509ರಿಂದ 1529ರವರೆಗಿನ ಅವನ ಆಳ್ವಿಕೆಯಲ್ಲಿ ದೊಡ್ಡ ಗ್ರಹಕೂಟವೊಂದನ್ನು ಹುಡುಕಹೊರಟರೆ 1524ರ ಫೆಬ್ರವರಿ ಕಣ್ಣಿಗೆ ಬೀಳುತ್ತದೆ. ಪಶ್ಚಿಮದ ಲೆಕ್ಕದಲ್ಲಿ ಗುರು ಶನಿಗಳು ಮೀನದಲ್ಲಿ ಕೂಡಿದ್ದರು; ನಮ್ಮ ನಿರಯನ ಲೆಕ್ಕದಲ್ಲಿ ಅದು ಕುಂಭ. ಉಳಿದ ಗ್ರಹಗಳೂ ಆಸುಪಾಸಿನಲ್ಲಿದ್ದುವು. ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು: ಕುಜ, ಗುರು, ಶನಿಗಳು ವಕ್ರಿಸುವುದು ಸೂರ್ಯನಿಗೆ ಎದುರಾದಾಗ. ಸೂರ್ಯನೊಡನೆ ಗುಂಪುಗೂಡಿದಾಗ ಅವು ಅತಿ ವೇಗವಾಗಿ ಮುಂದಕ್ಕೇ ಓಡುತ್ತಿರುತ್ತವೆ. ವಕ್ರವಾದರೂ ಭಯ, ನೆಟ್ಟಗೆ ಓಡಿದರೂ ಭಯ!

ಅದೇ 1524ರ ಫೆಬ್ರವರಿಗೆ ಯೂರೋಪೂ ನಡುಗಿತ್ತು. 1499ರಲ್ಲಿ ಪ್ರಕಟವಾದ ಸ್ಟಾಫ್ಲರ್ ಎಂಬ ಜರ್ಮನ್ ವಿದ್ವಾಂಸನ ಪಂಚಾಂಗ ಈ ಕೂಟವನ್ನು ಸೂಚಿಸಿತ್ತು. ಮೀನವು ಜಲರಾಶಿಯಾದ್ದರಿಂದ ಜಲಪ್ರಳಯ ಖಂಡಿತವೆಂದು ನೂರಕ್ಕೂ ಹೆಚ್ಚು ಕಿರುಹೊತ್ತಗೆಗಳು ಅಚ್ಚಾದುವು. ತೂಲೂಸ್ ನಗರದ ಅಧಿಕಾರಿಯೊಬ್ಬನು ನಾವೆಯನ್ನೇ ಕಟ್ಟಿಸಿದನೆಂದು ಹೇಳುತ್ತಾರೆ. ಫೆಬ್ರವರಿ ಬಂದಿತು, ಹೋಯಿತು, ಪ್ರಳಯವಾಗಲಿಲ್ಲ. ಆ ವರ್ಷದ ಕೊನೆಗೆ ಜರ್ಮನಿಯಲ್ಲಿ ರೈತರ ದಂಗೆ ಎದ್ದಾಗ, ಇದೇ ಆ ಪ್ರಳಯ ಎಂದು ಜೋಯಿಸರು ನಿಟ್ಟುಸಿರುಬಿಟ್ಟರು. ನಮ್ಮಲ್ಲೂ 1962ರ ಫೆಬ್ರವರಿಯಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಕೂಟವಾದಾಗ ದೇಶದುದ್ದಕ್ಕೂ ಹೋಮಗಳು ನಡೆದುದನ್ನು ಹಿರಿಯ ಶ್ರೋತೃಗಳು ಮರೆತಿರಲಾರರು. ಅಂದು ಏನೂ ಆಗಲಿಲ್ಲ. ಅಕ್ಟೋಬರಿನಲ್ಲಿ ಚೀನದ ಯುದ್ಧ ಬಂದಾಗ, ಫಲ ತಡವಾಗಿ ಬಂದಿತೆಂದವರಿದ್ದರು.

ವಿಜಯನಗರದಲ್ಲಿ 1524 ಸುಮ್ಮನೆ ಕಳೆಯಲಿಲ್ಲ. ಆ ವರ್ಷ ರಾಯನು ಆರು ವರ್ಷದ ಮಗ ತಿರುಮಲನಿಗೆ ಪಟ್ಟಕಟ್ಟಿದನು. ಸಿಂಹಾಸನದಿಂದ ಕೆಳಗಿಳಿದು ಗ್ರಹಗಳ ದಾರಿ ತಪ್ಪಿಸಿಕೊಳ್ಳಲು ಹೀಗೆ ಮಾಡಿದನೆ ಎಂದು ಯಾರಾದರೂ ಊಹಿಸಬಹುದು. ನನಗೂ ಒಮ್ಮೆ ಆ ಊಹೆ ಬಂದಿತ್ತು. ನೂನಿಜ್ ಹೇಳುವ ಕಾರಣ ಬಹಳ ಸರಳವಾದದ್ದು: ವಯಸ್ಸಾಗುತ್ತ ಬಂದಿತ್ತು, ತಾನಿರುವಾಗಲೇ ಮಗನ ಹಕ್ಕನ್ನು ಗಟ್ಟಿಮಾಡಬೇಕಾಗಿತ್ತು. ನಾನು ಅದನ್ನೇ ಒಪ್ಪುತ್ತೇನೆ. ಎಂಟು ತಿಂಗಳು ಉತ್ಸವ ನಡೆಯಿತು. ಆ ಎಂಟು ತಿಂಗಳೊಳಗೇ ಮಗು ಕಾಯಿಲೆ ಬಿದ್ದು ತೀರಿಕೊಂಡಿತು.

ಆಮೇಲಿನದು ಕೇಳಲು ಕಷ್ಟವಾದ ಭಾಗ. ಸಾಳುವ ತಿಮ್ಮರಸನ ಮಗನೇ ವಿಷವಿಕ್ಕಿದನೆಂದು ಯಾರೋ ರಾಜನ ಕಿವಿಗೆ ಹಾಕಿದರು. ತನ್ನನ್ನು ಸಿಂಹಾಸನಕ್ಕೆ ಏರಿಸಿದ ಮಂತ್ರಿಯನ್ನು, ಅಪ್ಪಾಜಿ ಎಂದು ಕರೆಯುತ್ತಿದ್ದ ವೃದ್ಧನನ್ನು, ರಾಯನು ಮಕ್ಕಳೊಡನೆ ಸೆರೆಗೆ ತಳ್ಳಿಸಿ, ಕೊನೆಗೆ ಕಣ್ಣು ಕೀಳಿಸಿದನೆಂದು ನೂನಿಜ್ ಬರೆಯುತ್ತಾನೆ. ಪಾಯೆಸ್ ಕಂಡಿದ್ದ ಆ ಇದ್ದಕ್ಕಿದ್ದಂತೆ ಕೆರಳುವ ಸಿಟ್ಟು ಇಲ್ಲಿ ತನ್ನ ಪೂರ್ಣರೂಪವನ್ನು ತಾಳಿತು.

ಈ ಪ್ರಕರಣವನ್ನು ಓದುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಗ್ರಹಗಳು ಮನುಷ್ಯನನ್ನು ಆಳುತ್ತವೆ ಎಂಬುದನ್ನು ನಾನು ನಂಬುವುದಿಲ್ಲ. ಆದರೂ ಆ ದಿನ ಕೃಷ್ಣದೇವರಾಯನು ಮಗುವಿನ ಸಾವಿಗೆ ಶನಿಯನ್ನೋ ಕುಹಯೋಗವನ್ನೋ ದೂರಿದ್ದರೆ, ತಿಮ್ಮರಸನ ಕಣ್ಣುಗಳು ಉಳಿಯುತ್ತಿದ್ದುವು. ರಾಯನು ಆಕಾಶವನ್ನು ನೋಡಲಿಲ್ಲ. ಮನುಷ್ಯರ ನಡುವೆ ಅಪರಾಧಿಯನ್ನು ಹುಡುಕಿದನು. ವಿಚಾರವಂತಿಕೆಯ ದೃಷ್ಟಿಯಿಂದ ಅದು ಸರಿಯಾದ ದಿಕ್ಕೇ. ಆದರೆ ಅವನ ಕೈಯಲ್ಲಿದ್ದದ್ದು ಸಂಶಯ ಮಾತ್ರ, ಸಾಕ್ಷ್ಯವಲ್ಲ. ಸಾಕ್ಷ್ಯವಿಲ್ಲದೆ ನೆರೆಯವನನ್ನು ದೂರುವುದಕ್ಕಿಂತ ಸಾಕ್ಷ್ಯವಿಲ್ಲದೆ ಶನಿಯನ್ನು ದೂರುವುದು ಕಡಿಮೆ ಕ್ರೂರವಲ್ಲವೆ? ಶನಿಗೆ ಕೀಳಿಸಿಕೊಳ್ಳಲು ಕಣ್ಣಿಲ್ಲ. ವ್ಯಾಸರಾಯರ ಶಿಷ್ಯರಾದ ಪುರಂದರದಾಸರು ಎಲ್ಲ ಗ್ರಹಗಳ ಬಲವೂ ಹರಿಯೇ ಎಂಬ ಅರ್ಥದ ಕೀರ್ತನೆಯಲ್ಲಿ ಇದಕ್ಕೆ ಭಕ್ತರ ಪರಿಹಾರವೊಂದನ್ನು ಕೊಟ್ಟರು. ಅದು ಗ್ರಹಗಳನ್ನು ಅಲ್ಲಗಳೆಯುವುದಿಲ್ಲ, ಅವುಗಳ ಹಲ್ಲು ಕೀಳುತ್ತದೆ. ದಾಸರ ಹೆಸರಿನ ಮಂಟಪ ಬಜಾರಿಗೆ ಬಹು ದೂರವೇನಲ್ಲ, ನದಿಯ ದಡದಲ್ಲಿದೆ.

ಹೂವು ಮಾರುತ್ತಿದ್ದ ಆ ತಾಯಿ ಮಗನನ್ನು ಬಿಟ್ಟುಕೊಡಲಾರದೆ ಶನಿಯನ್ನು ಮುಂದಿಟ್ಟಿದ್ದರೆಂದು ಈಗ ನನಗೆ ತೋರುತ್ತದೆ. ಆಕೆಗೆ ಎತ್ತಿನ ಗಾಡಿಯ ಉಪಮಾನವನ್ನು ಹೇಳಿ ವಕ್ರಗತಿಯನ್ನು ವಿವರಿಸುವ ಧೈರ್ಯ ಅಂದು ನನಗೆ ಬರಲಿಲ್ಲ. ಎರಡು ಮೊಳ ಮಲ್ಲಿಗೆಯನ್ನು ಕೊಂಡು ಎದ್ದುಬಂದೆ. ಅದೇ ವರ್ಷ ಜೂನ್ ತಿಂಗಳ ನಡುವಿನಲ್ಲಿ ಶನಿಯ ವಕ್ರ ಮುಗಿಯಿತು. ಜುಲೈ ತಿಂಗಳ ಕೊನೆಗೆ, ಸಾಲುಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನೆಲ್ಲ ತೆರವುಗೊಳಿಸಲಾಯಿತು. ಮರುವರ್ಷ ರಥಕ್ಕೆ ಹೋದಾಗ ಆ ಮಂಟಪ ಬರಿದಾಗಿತ್ತು. ಅಕ್ಕಪಕ್ಕದಲ್ಲಿ ವಿಚಾರಿಸೋಣವೆಂದರೆ ಅಕ್ಕಪಕ್ಕದವರೂ ಇರಲಿಲ್ಲ.