ಎಳೆಗುಂಟ, ಎಳೆಗೆ ಅಡ್ಡ: ಒಂದು ಮಾಂಸದ ಸೀಳಿನ ಚರಿತ್ರೆ

ನಮ್ಮೂರು ಅನಗವಾಡಿ. ಬೀಳಗಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲಿದೆ. ಆಹಾರದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಚೀಲದ ತುಂಬ ಪುಸ್ತಕಗಳಿದ್ದವು. ರಾತ್ರಿ ಎಂಟಕ್ಕೆ ಮನೆ ಮುಟ್ಟಿದೆ. ವೈನಿ ಆಗಷ್ಟೇ ಕೆಲಸದಿಂದ ಬಂದಿದ್ದರು, ಮಕ್ಕಳು ಹಸಿದು ಕೂತಿದ್ದವು.

ಪಟ್ಟಣದಿಂದ ತಂದ ಅರ್ಧ ಕಿಲೋ ಎಮ್ಮಿ ಮಾಂಸವನ್ನು ವೈನಿ ಬೆರಳುದ್ದದ ತೆಳು ಸೀಳುಗಳಾಗಿ ಕೊಯ್ದರು. ಬಳ್ಳೊಳ್ಳಿ, ಶುಂಠಿ, ಖಾರಪುಡಿ, ಅರಿಶಿಣ, ಉಪ್ಪು, ಜೊತೆಗೆ ಒಂದು ಚಮಚ ಹಸಿ ಪಪ್ಪಾಯಿ ಅರೆದದ್ದನ್ನು ಹಚ್ಚಿಟ್ಟರು. ಚಹಾಕ್ಕೆ ಅದ್ದಿ ತಿನ್ನುವ ಟೋಸ್ಟನ್ನು ಲಟ್ಟಣಿಗೆಯಿಂದ ಪುಡಿ ಮಾಡಿದರು. ಒಂದೊಂದೇ ಸೀಳನ್ನು ಒಡೆದ ತತ್ತಿಯಲ್ಲಿ ಅದ್ದಿ, ಟೋಸ್ಟ್ ಪುಡಿಯಲ್ಲಿ ಹೊರಳಿಸಿ, ಕಾದ ಎಣ್ಣೆಗೆ ಬಿಟ್ಟರು. ಅರ್ಧ ತಾಸಿನೊಳಗೆ ರೊಟ್ಟಿ, ಹಸಿ ಉಳ್ಳಾಗಡ್ಡಿಯ ಜೊತೆ ಊಟ ತಯಾರಾಗಿತ್ತು. ಮಕ್ಕಳು ಅದಕ್ಕೆ 'ಫಿಂಗರ್' ಅನ್ನುತ್ತವೆ.

ಅವ್ವ ಒಂದು ಚೂರು ತಿಂದು, "ಛಲೋ ಆಗೈತಿ. ಆದ್ರ ಅಡ್ಡ ಕೊಯ್ದಾಳ. ನಿಮ್ಮ ಆಯಿ ನೋಡಿದ್ರ ಬೈತಿದ್ಲು" ಎಂದಳು.

ಆ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಯಿ ಮಾಂಸವನ್ನು ಎಳೆಗುಂಟ ಕೊಯ್ಯುತ್ತಿದ್ದಳು. ಮೊಳದುದ್ದದ ಸೀಳುಗಳಿಗೆ ಉಪ್ಪು, ಅರಿಶಿಣ ಸವರಿ ಹಗ್ಗದ ಮೇಲೆ ಒಣಗಹಾಕುತ್ತಿದ್ದಳು. ಎಳೆಗುಂಟ ಕೊಯ್ದರೆ ಸೀಳು ಹರಿಯದೆ ಜೋತು ಬೀಳುತ್ತದೆ, ಗಾಳಿಗೆ ಒಣಗುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಎಳೆಗೆ ಅಡ್ಡ ಕೊಯ್ದರೆ ನಾರು ತುಂಡಾಗಿ ಮಾಂಸ ಬೇಗ ಬೇಯುತ್ತದೆ, ಮೆತ್ತಗಾಗುತ್ತದೆ, ಆದರೆ ಅಂದೇ ತಿನ್ನಬೇಕು. ಒಂದೇ ಮಾಂಸಕ್ಕೆ ಎರಡು ಕೊಯ್ತ. ಒಂದು ನಾಳೆಯ ಹಸಿವಿಗೆ, ಇನ್ನೊಂದು ಇಂದಿನ ಅವಸರಕ್ಕೆ.

ಆಯಿಯ ಕಾಲದಲ್ಲಿ ಮಾಂಸ ಕಿಲೋ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಬಂದರೆ ಕೇರಿಗೆಲ್ಲ ಪಾಲಾಗುವಷ್ಟು ಒಮ್ಮೆಲೇ ಬರುತ್ತಿತ್ತು, ಇಲ್ಲದಿದ್ದರೆ ವಾರಗಟ್ಟಲೆ ಇಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಬಿಸಿಲೇ ಉಗ್ರಾಣ. ಗಡಿಯಾಚೆ ಮರಾಠವಾಡದಲ್ಲೂ ಇದೇ ಪದ್ಧತಿ ಇತ್ತು. ಅಲ್ಲಿ ಈ ಒಣ ಸೀಳುಗಳಿಗೆ 'ಚಾನ್ಯಾ' ಅನ್ನುತ್ತಾರೆ. ಶಾಹು ಪಾಟೋಳೆ ಅಲ್ಲಿನ ದಲಿತರ ಅಡುಗೆಯನ್ನು 2015ರಲ್ಲಿ ಮರಾಠಿ ಪುಸ್ತಕವಾಗಿ ದಾಖಲಿಸಿದರು.

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷಗಳ ಹಿನ್ನೆಲೆಯಿದೆ. ಎರಡನೇ ಚಾವುಂಡರಾಯನ 'ಲೋಕೋಪಕಾರ' ಹನ್ನೊಂದನೇ ಶತಮಾನದ್ದು. ಮೂರನೇ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯದು, ಅದು ಪೂರ್ತಿ ಸಸ್ಯಾಹಾರದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಹಂದಿ, ಕುರಿ, ಮೀನು, ಆಮೆ ಎಲ್ಲವೂ ಇವೆ. ಆದರೆ ಅದು ಅರಮನೆಯ ಊಟ. ನಮ್ಮ ಹಗ್ಗದ ಮೇಲಿನ ಸೀಳು ಈ ಯಾವ ಹೊತ್ತಿಗೆಯಲ್ಲೂ ಇಲ್ಲ.

ಅದು ಹೋಗಿ ಸೇರಿದ್ದು ಸರ್ಕಾರದ ಕಾಗದಗಳಲ್ಲಿ. 1884ರ ಬಿಜಾಪುರ ಗೆಜೆಟಿಯರ್ ಒಂದೊಂದು ಜಾತಿಯ ಕೆಳಗೂ ಅವರು ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂದು ನಾಲ್ಕು ಸಾಲು ಬರೆಯುತ್ತದೆ. ಊಟ ಅಲ್ಲಿ ರುಚಿಯಲ್ಲ, ಜಾತಿಯ ಗುರುತು. ಅದಕ್ಕೆ ಎಂಟು ವರ್ಷ ಹಿಂದೆ, 1876ರಿಂದ 78ರವರೆಗೆ, ಇದೇ ಸೀಮೆಯನ್ನು ಭೀಕರ ಬರ ಬಡಿದಿತ್ತು. ಹಾಗಿರುವಾಗ ಒಣಗಿಸಿಟ್ಟ ಒಂದು ಸೀಳಿನ ಬೆಲೆ ಎಷ್ಟಿರಬಹುದು ಎಂದು ನಾನು ಯೋಚಿಸುತ್ತೇನೆ.

1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಜನರಿಗೆ ಹೇಳಿದರು. 1948ರ ತಮ್ಮ ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ಗೋಮಾಂಸದ ಸುತ್ತಲೇ ಹುಡುಕಿದರು. ಅಂದರೆ ಹಗ್ಗದ ಮೇಲಿನ ಸೀಳಿಗೆ ಎರಡು ಮುಖ. ಬಲವಂತಕ್ಕೆ ತಿಂದ ಸತ್ತ ದನ ಅವಮಾನ. ತಾನೇ ಆರಿಸಿ, ಕೊಂಡು, ಮಾಡಿಕೊಂಡ ಊಟ ಹಾಗಲ್ಲ. ಈ ಎರಡರ ನಡುವಿನ ಗೆರೆಯನ್ನು ಆಯಿ ತಿಳಿದಿದ್ದಳು. ಅದನ್ನು ಬರೆದಿಡುವವರು ಇರಲಿಲ್ಲ, ಅಷ್ಟೇ.

ಕಾನೂನೂ ಆ ಹಗ್ಗವನ್ನು ಮುಟ್ಟಿತು. ಕರ್ನಾಟಕದ 1964ರ ಕಾಯ್ದೆ ಆಕಳು ಮತ್ತು ಕರುವಿನ ವಧೆ ನಿಷೇಧಿಸಿ, ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ಅವಕಾಶ ಬಿಟ್ಟಿತ್ತು. 2020ರ ಕಾಯ್ದೆಯಲ್ಲಿ ಎತ್ತೂ ಹೋಯಿತು. ಉಳಿದದ್ದು ಹದಿಮೂರು ದಾಟಿದ ಎಮ್ಮೆ, ಕೋಣ ಮಾತ್ರ. ಮೊದಲು ಆರು ತಿಂಗಳವರೆಗಿದ್ದ ಶಿಕ್ಷೆ ಮೂರರಿಂದ ಏಳು ವರ್ಷವಾಯಿತು. ಹಗ್ಗ ಕಟ್ಟುವ ಅಂಗಳ ಉಳಿದರೂ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಒಣಗಿಸುವ ಧೈರ್ಯ ಉಳಿಯಲಿಲ್ಲ. ವೈನಿಯ 'ಫಿಂಗರ್' ಬೇಗ ಆಗುತ್ತದೆ, ಬೇಗ ಮುಗಿಯುತ್ತದೆ, ಟೋಸ್ಟ್ ಪುಡಿಯ ಒಳಗೆ ಏನಿದೆ ಎಂದು ಹೊರಗೆ ಕಾಣುವುದಿಲ್ಲ.

ಬ್ರೆಡ್ ಪುಡಿಯ ಹೊದಿಕೆಗೂ ಒಂದು ನಿಷೇಧದ ಕತೆ ಅಂಟಿಕೊಂಡಿದೆ. ಜಪಾನಿನಲ್ಲಿ 675ರಷ್ಟು ಹಿಂದೆ ಚಕ್ರವರ್ತಿಯ ಆಜ್ಞೆಯೊಂದು ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿತ್ತು. ಮುಂದೆ ಶತಮಾನಗಳ ಕಾಲ ಮಾಂಸಕ್ಕೆ ಅಲ್ಲಿ ಕಳಂಕ ಉಳಿಯಿತು. 1872ರಲ್ಲಿ ಮೇಯ್ಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿಯನ್ನು ಬಹಿರಂಗಪಡಿಸಲಾಯಿತು. ಆ ಬಳಿಕ ಬೆಳೆದ ಹೊಸ ಅಡುಗೆಗಳಲ್ಲಿ ಬ್ರೆಡ್ ಪುಡಿ ಹಚ್ಚಿ ಕರಿದ 'ಕಾತ್ಸು' ಒಂದು. ಹೆಸರು ಬಂದದ್ದು ನಮ್ಮ ಕಟ್ಲೆಟ್ ಬಂದ ಇಂಗ್ಲಿಷ್ ಪದದಿಂದಲೇ. ಅದಕ್ಕೆ ಹಚ್ಚುವ 'ಪಾಂಕೊ' ಪುಡಿಯ ಮೊದಲ ಅಕ್ಷರವೂ ನಮ್ಮ 'ಪಾವ್' ಕೂಡ ಒಂದೇ ಪೋರ್ಚುಗೀಸ್ ಶಬ್ದದಿಂದ ಬಂದವು. ಅಲ್ಲಿ ಆ ಹೊದಿಕೆ ಮಾಂಸ ಬಯಲಿಗೆ ಬಂದ ಕಾಲದ್ದು. ನಮ್ಮಲ್ಲಿ ಅದೇ ಹೊದಿಕೆ ಮಾಂಸ ಒಳಗೆ ಸರಿದ ಕಾಲದ್ದು.

ಊಟವಾದ ಮೇಲೆ ಅವ್ವ ಕೇಳಿದಳು: "ನೀ ಊಟದ ಮ್ಯಾಲ ಬರಿಯಾಕತ್ತಿ ಅಂತಿ. ನಮ್ಮದೂ ಬರದಿಯೇನು?"

ನನ್ನ ಪ್ರಬಂಧದಲ್ಲಿ ರೊಟ್ಟಿಗೆ ಒಂದು ಅಧ್ಯಾಯವಿದೆ, ಹಬ್ಬದ ಹೋಳಿಗೆಗೆ ಇದೆ, ಜಾತ್ರೆಯ ಕುರಿಗೂ ಇದೆ. ಇದಕ್ಕೆ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಮೂರು ವರ್ಷ ಕ್ಷೇತ್ರಕಾರ್ಯ ಮಾಡಿದವನು ಪ್ರಶ್ನಾವಳಿಯಲ್ಲಿ ನಮ್ಮದೇ ಮನೆಯ ಸೀಳಿಗೆ ಒಂದು ಪ್ರಶ್ನೆ ಇಟ್ಟಿರಲಿಲ್ಲ. ಮಂಗರಸ ಬಿಟ್ಟದ್ದನ್ನು ನಾನೂ ಬಿಟ್ಟಿದ್ದೆ. ಕಾರಣ ಮಾತ್ರ ಬೇರೆ, ನನ್ನದು ಅಂಜಿಕೆ.

ಮರುದಿನ ಮುಂಜಾನೆ ಅವ್ವನನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಎಷ್ಟು ಉದ್ದ, ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು, ಮಳೆ ಬಂದರೆ ಒಲೆಯ ಮೇಲೆ ಎಲ್ಲಿ ತೂಗುಹಾಕಬೇಕು, ಯಾರ ಮನೆಗೆ ಎಷ್ಟು ಪಾಲು. ಒಂದೂವರೆ ತಾಸು ಹೇಳಿದಳು. ಕೈಯಲ್ಲಿ ಚಾಕು ಇಲ್ಲದಿದ್ದರೂ ಎಳೆಗುಂಟ ಕೊಯ್ಯುವುದನ್ನು ಗಾಳಿಯಲ್ಲೇ ತೋರಿಸಿದಳು. ಆ ಅಧ್ಯಾಯ ಈಗ ಶುರುವಾಗಿದೆ.