ಮೂರು ಯಂತ್ರಗಳೂ ಹತ್ತು ರಾಗಗಳೂ

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ವಿಧವಾಗಿ ವಿಭಾಗಿಸಿದ ಭರತಮುನಿಯ ಕ್ರಮವು ವಾಚಕಮಹಾಶಯರಿಗೆ ವಿದಿತವೇ ಇದೆ. ತಂತಿಯಿಲ್ಲದೆ, ಊದುವ ರಂಧ್ರವಿಲ್ಲದೆ, ಚರ್ಮದ ಹೊದಿಕೆಯಾಗಲಿ ಕಂಚಿನ ತಾಳವಾಗಲಿ ಇಲ್ಲದೆ, ಕೇವಲ ವಿದ್ಯುತ್ತಿನ ಏರಿಳಿತದಿಂದ ನಾದವನ್ನು ಹುಟ್ಟಿಸತಕ್ಕ ಸಿಂಥಸೈಸರ್ ಎಂಬ ಯಂತ್ರವು ಈ ನಾಲ್ಕರಲ್ಲಿ ಯಾವ ಪಂಕ್ತಿಗೂ ಸೇರುವುದಿಲ್ಲ. ಇಂದು ಇಂಥವು ನೂರಾರು ಬಗೆಯಲ್ಲಿ ದೊರೆಯುತ್ತವೆ. ಕೊಠಡಿಯ ಒಂದು ಮೇಜಿನ ಮೇಲೆ ಹಿಡಿಸುವಷ್ಟನ್ನೇ ಇಟ್ಟುಕೊಂಡು ಸಂಗೀತ ಮಾಡಬೇಕೆಂದಿರುವ ನನ್ನ ಮೊಮ್ಮಗನು, ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ ಎಂದು ನನ್ನನ್ನೇ ಕೇಳಿದನು. ಶಬ್ದಮಂಜರಿಯನ್ನೂ ರಘುವಂಶವನ್ನೂ ಪಾಠ ಹೇಳಿ ಮುದುಕನಾದವನಿಗೆ ಇದಕ್ಕೆ ಉತ್ತರ ಹೇಳುವ ಅಧಿಕಾರವೆಲ್ಲಿಯದು? ಆದರೆ ಅವನು ಕೇಳಿಸಿದ ಒಂದು ಧ್ವನಿಮುದ್ರಿಕೆಯಲ್ಲಿ ಆ ಪ್ರಶ್ನೆಗೆ ನಮ್ಮ ದೇಶದವರೊಬ್ಬರು ೧೯೮೨ರಲ್ಲಿಯೇ ಉತ್ತರವಿತ್ತಿರುವುದು ಕಂಡುಬಂದುದರಿಂದ, ಅದರ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಅಮೆರಿಕದ ರಾಬರ್ಟ್ ಮೂಗ್ ಎಂಬವರು ೧೯೬೪ರಲ್ಲಿ ರೂಪಿಸಿದ ಯಂತ್ರದಲ್ಲಿ, ವಿದ್ಯುತ್ತಿನ ಒತ್ತಡವನ್ನು ಒಂದು ವೋಲ್ಟು ಏರಿಸಿದರೆ ಸ್ವರವು ಒಂದು ಸ್ಥಾಯಿ ಏರುವಂಥ ಏರ್ಪಾಡಿತ್ತು. ಅಂಥದೊಂದು ಯಂತ್ರವು ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತು. ಅದನ್ನು ಅಲ್ಲಿ ಸ್ಥಾಪಿಸಿದವರು ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರರು. ಗೀತಾ ಸಾರಾಭಾಯಿ ಮುಂತಾದವರು ಅದರ ಮೇಲೆ ಪ್ರಯೋಗಗಳನ್ನು ನಡೆಸಿದರು. ಆದರೆ ಅದು ಗೋಡೆಯುದ್ದಕ್ಕೂ ಹಬ್ಬಿದ, ಸಂಸ್ಥೆಯೊಂದಕ್ಕೇ ಸಲ್ಲುವ ಸಲಕರಣೆ. ಗೃಹಸ್ಥನ ಕೈಗೆ ನಿಲುಕತಕ್ಕದ್ದಲ್ಲ.

ನಾನು ಹೇಳಹೊರಟಿರುವುದು ಮುಂಬಯಿಯ ಚರಣಜಿತ್ ಸಿಂಗರ ವಿಷಯ. ಇವರು ಹಿಂದೀ ಚಲನಚಿತ್ರಗಳ ವಾದ್ಯವೃಂದಗಳಲ್ಲಿ ಗಿಟಾರನ್ನೂ ಕೀಲಿಮಣೆಯ ವಾದ್ಯಗಳನ್ನೂ ಬಹುಕಾಲ ನುಡಿಸಿದವರು. ಎಲ್ಲೆಲ್ಲಿಯೂ ಡಿಸ್ಕೋ ಎಂಬ ಕುಣಿತದ ಲಯವೇ ಕೇಳಿಸುತ್ತಿದ್ದ ಆ ಕಾಲದಲ್ಲಿ, ತಬಲವನ್ನು ಬದಿಗಿಟ್ಟು ಆ ಲಯದ ಮೇಲೆಯೇ ಹಿಂದೂಸ್ತಾನೀ ರಾಗಗಳನ್ನು ನುಡಿಸಿದರೆ ಹೇಗೆಂದು ಇವರಿಗೆ ತೋರಿತು. ಚಿತ್ರಗಳಿಗಾಗಿ ಹತ್ತಾರು ಜನರ ಮೇಳದಲ್ಲಿ ಕುಳಿತವರು ಈ ಕಾರ್ಯಕ್ಕೆ ಮೂರೇ ಯಂತ್ರಗಳನ್ನು ಆರಿಸಿಕೊಂಡರು. ಮೂರೂ ಜಪಾನಿನ ರೋಲೆಂಡ್ ಕಂಪೆನಿಯವು: ಜ್ಯೂಪಿಟರ್-೮, ಟಿ.ಆರ್. ೮೦೮, ಟಿ.ಬಿ. ೩೦೩.

ಜ್ಯೂಪಿಟರ್-೮ ಎಂಬುದು ೧೯೮೧ರಲ್ಲಿ ಹೊರಬಂದ, ೬೧ ಕೀಲಿಗಳುಳ್ಳ, ಏಕಕಾಲದಲ್ಲಿ ಎಂಟು ಸ್ವರಗಳನ್ನು ನುಡಿಸಬಲ್ಲ ದೊಡ್ಡ ವಾದ್ಯ. ಟಿ.ಆರ್. ೮೦೮ ಲಯದ ಪೆಟ್ಟಿಗೆ. ಅದರಲ್ಲಿ ನಿಜವಾದ ಮದ್ದಳೆಯ ಧ್ವನಿಯನ್ನು ಮುದ್ರಿಸಿಟ್ಟಿಲ್ಲ, ಪ್ರತಿಯೊಂದು ಪೆಟ್ಟನ್ನೂ ವಿದ್ಯುನ್ಮಂಡಲವೇ ಆಯಾ ಕ್ಷಣದಲ್ಲಿ ಹುಟ್ಟಿಸುತ್ತದೆ. ಈ ಎರಡನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮೂರನೆಯದೇ ವಿಚಿತ್ರವಾದುದು. ಗಿಟಾರಿನೊಡನೆ ಮಂದ್ರವಾದ್ಯವನ್ನು ನುಡಿಸುವ ಜೊತೆಗಾರನಿಲ್ಲದವನಿಗೆ ಬದಲಿಯಾಗಲೆಂದು ಟಿ.ಬಿ. ೩೦೩ನ್ನು ತಯಾರಿಸಿದರು. ಅದು ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುತ್ತದೆ. ೧೬ ಭಾಗಗಳ ಒಂದು ಆವರ್ತದಲ್ಲಿ ಸ್ವರಗಳನ್ನು ಮೊದಲೇ ತುಂಬಿಟ್ಟರೆ ಅದನ್ನೇ ಮರಳಿ ಮರಳಿ ನುಡಿಸುತ್ತ ಹೋಗುತ್ತದೆ. ತೀನ್‌ತಾಲಿಗೂ ಮಾತ್ರೆಗಳು ಹದಿನಾರೇ ಆಗಿರುವುದು ಕಾಕತಾಳೀಯ. ತುಂಬುವ ಕ್ರಮ ಬಹು ತೊಡಕಿನದು; ಧ್ವನಿಯೋ ಗಿಟಾರನ್ನು ಲೇಶವೂ ಹೋಲದು. ಆದಕಾರಣ ಕೊಳ್ಳುವವರಿಲ್ಲದೆ, ೧೯೮೪ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು.

ಆದರೆ ಈ ಪೆಟ್ಟಿಗೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಡೆಬಿಡದೆ ಜಾರುವ ಅನುಕೂಲವೊಂದಿತ್ತು. ಹಾರ್ಮೋನಿಯಮ್ಮಿನಲ್ಲಿ ಇಲ್ಲದಿದ್ದ ಗುಣ ಇದೇ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುವ ಆ ವಾದ್ಯವನ್ನು ಆಕಾಶವಾಣಿಯವರು ೧೯೪೦ರಿಂದ ಮೂರು ದಶಕಗಳ ಕಾಲ ಹೊರಗಿಟ್ಟಿದ್ದುದನ್ನು ಹಿರಿಯರು ಬಲ್ಲರು. ಜಾರುವ ಯಂತ್ರ ಸಿಕ್ಕಿದೊಡನೆ ಮೀಂಡಿನ ಛಾಯೆಯಾದರೂ ಕೈಗೆ ಬಂದಂತಾಯಿತು. ಜ್ಯೂಪಿಟರ್ ವಾದ್ಯದಲ್ಲಿಯೂ ಈ ಸೌಕರ್ಯವುಂಟು. ಸಿಂಗರು ಅದನ್ನು ಧಾರಾಳವಾಗಿ ಬಳಸಿದ್ದಾರೆ. ನಮ್ಮ ಕಛೇರಿಗೆ ಎಷ್ಟು ಸಂಕ್ಷೇಪಿಸಿದರೂ ಶ್ರುತಿ, ಸ್ವರ, ಲಯ ಎಂಬ ಮೂರು ಬೇಕು. ಮಂದ್ರದಲ್ಲಿ ಬಿಡದೆ ಸುತ್ತುವ ೩೦೩, ರಾಗವನ್ನು ನುಡಿಯುವ ಜ್ಯೂಪಿಟರ್, ಲಯಕ್ಕೆ ೮೦೮: ಇದಕ್ಕಿಂತ ಕಡಮೆ ಸಾಲದು, ಹೆಚ್ಚಿನದು ಬೇಕಾಗಿಲ್ಲ. ನಮ್ಮಲ್ಲಿಯೂ ೧೯೭೯ರಲ್ಲಿ ಬೆಂಗಳೂರಿನ ವೇಣುವಾದಕರೂ ಇಂಜಿನಿಯರರೂ ಆದ ಜಿ. ರಾಜನಾರಾಯಣರು ಶ್ರುತಿಗೆಂದೇ ವಿದ್ಯುತ್ಪೆಟ್ಟಿಗೆಯನ್ನು ರಚಿಸಿದರು. ಅವರು ಯಂತ್ರಕ್ಕೆ ಒಂದಂಗವನ್ನು ಮಾತ್ರ ಒಪ್ಪಿಸಿದರು. ಸಿಂಗರು ಮೂರನ್ನೂ ಒಪ್ಪಿಸಿದರು.

ಮುದ್ರಿಕೆಯಲ್ಲಿರುವ ರಾಗಗಳು ಹತ್ತು: ಭೈರವಿ, ಲಲಿತ, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ, ಯಮನ್, ಕಲಾವತಿ, ಮಾಲಕಂಸ, ಬೈರಾಗಿ. ಕರ್ಣಾಟಕ ಪದ್ಧತಿಯವರು ಹೆಸರುಗಳಿಂದ ಮೋಸಹೋಗಬಾರದು. ಅವರ ಭೈರವಿಯ ಸ್ವರಗಳು ನಮ್ಮ ತೋಡಿಯವು. ಅವರ ತೋಡಿ ನಮ್ಮ ಶುಭಪಂತುವರಾಳಿಗೆ ಸಮೀಪವಾದುದು. ಭೂಪಾಲಿ ಮೋಹನವನ್ನೂ, ಮಾಲಕಂಸ ಹಿಂದೋಳವನ್ನೂ, ಕಲಾವತಿ ವಲಚಿಯನ್ನೂ, ಬೈರಾಗಿ ರೇವತಿಯನ್ನೂ ಹೋಲುತ್ತವೆ. ಕೇಳಿದೊಡನೆ ಗುರುತು ಸಿಕ್ಕುವುದರಿಂದ, ನುಡಿಸಿದವರಿಗೆ ರಾಗಜ್ಞಾನವಿದ್ದುದರಲ್ಲಿ ಸಂದೇಹವಿಲ್ಲ.

ಕಳೆದುಹೋದುದೇನೆಂಬುದನ್ನೂ ಹೇಳಬೇಕು. ಆಲಾಪಕ್ಕೆ ಇಲ್ಲಿ ಎಡೆಯೇ ಇಲ್ಲ. ಬೆಳಗಿನ ಜಾವದ ಲಲಿತವೂ ನಡುರಾತ್ರಿಯ ಮಾಲಕಂಸವೂ ಅದೇ ಕುಣಿತದ ನಡೆಯಲ್ಲಿ ಸಾಗುತ್ತವೆ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಯಂತ್ರದಲ್ಲಿ ತೋಡಿಯ ಗಾಂಧಾರವು ತನ್ನ ತಾವಿನಲ್ಲಿ ನಿಲ್ಲಲಾರದು. ೩೦೩ರ ಜಾರುವಿಕೆಯ ವೇಗವಾದರೋ ಒಂದೇ ತೆರನಾದುದರಿಂದ ಕಂಪಿತಗಮಕವು ಅದಕ್ಕೆ ದೂರದ ಮಾತು. ಲಲಿತವನ್ನು ಕೇಳುತ್ತಿದ್ದಾಗ ನನಗೆ ಅಸಮಾಧಾನವೇ ಆಯಿತು. ಭೂಪಾಲಿಯನ್ನು ಮಾತ್ರ ಮರುದಿನವೂ ಹಾಕಿಸಿಕೊಂಡು ಕೇಳಿದೆನೆಂದು ಒಪ್ಪಿಕೊಳ್ಳಬೇಕು.

ಗ್ರಾಮಫೋನ್ ಕಂಪೆನಿಯವರು ಈ ತಟ್ಟೆಯನ್ನು ಪ್ರಕಟಿಸಿದರು, ಕೊಂಡವರು ವಿರಳ. ಇತ್ತ ಅಮೆರಿಕದಲ್ಲಿ, ಯಾರಿಗೂ ಬೇಡವಾಗಿ ಅಗ್ಗಕ್ಕೆ ಬಿಕರಿಯಾಗುತ್ತಿದ್ದ ೩೦೩ನ್ನು ಷಿಕಾಗೋ ನಗರದ ತರುಣರು ಕೊಂಡು, ತಿರುಪುಗಳನ್ನು ನುಡಿಸುತ್ತಿರುವಾಗಲೇ ತಿರುಗಿಸಿ ಹೊಸತೊಂದು ಧ್ವನಿಯನ್ನು ಕಂಡುಕೊಂಡರು. ಫ್ಯೂಚರ್ ಎಂಬ ತಂಡದ ೧೯೮೭ರ ಮುದ್ರಿಕೆಯಿಂದ ಈ ಬಗೆಗೆ ಆಸಿಡ್ ಹೌಸ್ ಎಂಬ ಹೆಸರು ಹರಡಿತು. ಹಾಲೆಂಡಿನ ಎಡೊ ಬೌಮನ್ ಎಂಬ ಸಂಗ್ರಾಹಕರು ೨೦೦೨ರಲ್ಲಿ ದೆಹಲಿಯಲ್ಲಿ ಸಿಂಗರ ತಟ್ಟೆಯನ್ನು ಕಂಡು ಬೆರಗಾದರು. ೨೦೧೦ರಲ್ಲಿ ಅದನ್ನು ಪುನಃ ಪ್ರಕಟಿಸಿದರು. ಇಷ್ಟು ಹಿಂದೆ ಇಂಥ ಧ್ವನಿ ಹುಟ್ಟಿರಲಾರದು, ಇದು ಈಚಿನವರ ಕೃತ್ರಿಮವೆಂದು ಕೆಲವರು ಸಂಶಯಪಟ್ಟದ್ದೂ ಉಂಟು.

ಅಂದಿನಿಂದ ಸಿಂಗರೇ ಆಸಿಡ್ ಹೌಸಿನ ಜನಕರೆಂದು ಬರೆಯುವವರು ಹೆಚ್ಚಿದ್ದಾರೆ. ಸ್ವದೇಶಾಭಿಮಾನದಿಂದ ನನಗೂ ಇದು ಹಿತವಾದ ಮಾತೇ, ಆದರೆ ಚರಿತ್ರೆಯೆನಿಸಲಾರದು. ಷಿಕಾಗೋದವರು ಈ ತಟ್ಟೆಯನ್ನು ಕೇಳಿ ಕಲಿತರೆಂಬುದಕ್ಕೆ ಆಧಾರವಿಲ್ಲ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧಿಸದೆಂಬುದನ್ನು ತರ್ಕಸಂಗ್ರಹ ಓದುವ ಬಾಲಕನೂ ಬಲ್ಲನು. ಒಂದೇ ಯಂತ್ರವು ಎರಡು ಕಡೆ ಎರಡು ಬಗೆಯ ಕೈಗಳಿಗೆ ಸಿಕ್ಕಿ ಒಂದನ್ನೊಂದು ಹೋಲುವ ಧ್ವನಿಯನ್ನು ಕೊಟ್ಟಿತು, ಅಷ್ಟೆ. ತಯಾರಿಸಿದವರೇ ಕೈಬಿಟ್ಟ ಪೆಟ್ಟಿಗೆಯಲ್ಲಿ ರಾಗಕ್ಕೆ ಒಗ್ಗುವ ಗುಣವನ್ನು ಗುರುತಿಸಿ, ಅದರ ಸುತ್ತ ಇನ್ನೆರಡನ್ನೇ ಇರಿಸಿಕೊಂಡು ಹತ್ತು ರಾಗಗಳನ್ನು ನಡೆಸಿದುದು ಸಿಂಗರ ಸ್ವಂತ ಸಾಧನೆ. ಅದಕ್ಕೆ ಷಿಕಾಗೋದ ಸಾಕ್ಷ್ಯ ಬೇಕಿಲ್ಲ. ಕಡೆಗಾಲದಲ್ಲಿ ಯೂರೋಪಿನ ವೇದಿಕೆಗಳಲ್ಲಿಯೂ ನುಡಿಸಿ ಅವರು ೨೦೧೫ರಲ್ಲಿ ದಿವಂಗತರಾದರು.

ನಾನು ಕೇಳಿದ್ದು ಪುನರ್ಮುದ್ರಣವನ್ನು ಮಾತ್ರ. ಮೊದಲ ತಟ್ಟೆಯು ನಮ್ಮ ಜಿಲ್ಲೆಯಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದಲ್ಲಿ, ದಯವಿಟ್ಟು ಸಂಘದ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ಬೇಡುತ್ತೇನೆ. ಅದರ ಹೊದಿಕೆಯ ಬರಹವನ್ನು ಓದಬೇಕೆಂಬ ಅಪೇಕ್ಷೆ ನನಗಿದೆ.